ಕಾರಖಾನೆಯ ಧಣಿಯೂ ಲೇಖನಿಯೂ

ಉದ್ಯಮಪತಿಗಳು ತಮ್ಮ ಮಾತನ್ನು ತಾವೇ ಬರೆದು ನೇರವಾಗಿ ಜನತೆಯ ಮುಂದಿಡುವುದು ಈ ಕಾಲದ ಹೊಸ ಪದ್ಧತಿಯೆಂದು ಅನೇಕರ ತಿಳುವಳಿಕೆ. ಅಂಗೈಯಲ್ಲಿನ ಮೊಬೈಲಿನಲ್ಲಿ ಅವರ ಬರಹ ದಿನವೂ ಕಾಣುವುದರಿಂದ ಹಾಗೆ ತೋರುವುದು ಸಹಜವೇ. ಆದರೆ ಇದರ ಹಳೆಯ ಬೇರೊಂದನ್ನು ಹುಡುಕಹೊರಟರೆ ನಮ್ಮ ನೆರೆಯ ಬೆಳಗಾವಿ ಜಿಲ್ಲೆಗೆ ಹೋಗಬೇಕಾಗುತ್ತದೆ.

ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಆ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದವರು ಮುಂದೆ ಕಬ್ಬಿಣದ ನೇಗಿಲು ತಯಾರಿಸಲಾರಂಭಿಸಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುವುದೆಂದು ರೈತರು ಅಂಜಿದರು. ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದವು. ಮುಂದೆ ಬೆಳಗಾವಿಯ ಜಾಗವನ್ನೂ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅಧಿಪತಿಗಳು ಆಶ್ರಯವಿತ್ತರು; 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ನಮ್ಮ ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತೆಂಬುದನ್ನು ಹಿರಿಯರು ಬಲ್ಲರು.

ಯಂತ್ರವನ್ನು ಕಂಡರೆ ಅಂಜುವ ಜನಕ್ಕೆ ಯಂತ್ರದ ವಿಷಯ ತಿಳಿಸುವವರಾರು? 1920ರಲ್ಲಿ ಆ ಮನೆತನದವರೇ ಆದ ಶಂಕರರಾವ್ ಕಿರ್ಲೋಸ್ಕರರು ‘ಕಿರ್ಲೋಸ್ಕರ ಖಬರ’ ಎಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿದರು. ಕಾರಖಾನೆಯ ಸುದ್ದಿಗಾಗಿ ಹುಟ್ಟಿದ ಈ ಪತ್ರಿಕೆ ಬರಬರುತ್ತ ಕಥೆ, ಸಮಾಜಸುಧಾರಣೆಗಳಿಗೂ ಎಡೆಕೊಟ್ಟಿತು. 1930ರಲ್ಲಿ ಮಹಿಳೆಯರಿಗಾಗಿ ‘ಸ್ತ್ರೀ’ ಪತ್ರಿಕೆಯೂ ಅಲ್ಲಿಂದಲೇ ಹೊರಟಿತು. ವ್ಯಾಪಾರಕ್ಕೆಂದು ಹಿಡಿದ ಲೇಖನಿ ಸಮಾಜಕ್ಕೂ ಉಪಯೋಗವಾದದ್ದು ಹೀಗೆ.

ಅಂದಿನ ಬರಹ ಮೊಳೆಜೋಡಣೆ, ಕರಡು ತಿದ್ದುವಿಕೆಗಳನ್ನು ದಾಟಿ ಓದುಗನ ಕೈಸೇರುತ್ತಿತ್ತು. ಅಷ್ಟರಲ್ಲಿ ಮರುವಿಚಾರಕ್ಕೆ ಅವಕಾಶವಿತ್ತು. ಇಂದು ಆ ಎಡೆ ಉಳಿದಿಲ್ಲ. 2018ರ ಆಗಸ್ಟಿನಲ್ಲಿ ಅಮೇರಿಕೆಯ ಟೆಸ್ಲಾ ಕಂಪನಿಯ ಇಲಾನ್ ಮಸ್ಕರು, ಕಂಪನಿಯ ಶೇರುಗಳನ್ನೆಲ್ಲ ಕೊಳ್ಳಲು ಹಣ ಸಿದ್ಧವಾಗಿದೆಯೆಂದು ಟ್ವಿಟ್ಟರಿನಲ್ಲಿ ಒಂದು ಸಾಲು ಬರೆದರು. ಶೇರುಪೇಟೆಯ ನಿಯಂತ್ರಕರು ಮೊಕದ್ದಮೆ ಹೂಡಲು, ರಾಜಿಯಲ್ಲಿ ಅವರೂ ಕಂಪನಿಯೂ ತಲಾ 2 ಕೋಟಿ ಡಾಲರು ದಂಡ ತೆರಬೇಕಾಯಿತು. ಅವರು ಅಧ್ಯಕ್ಷಪದವಿಯನ್ನೂ ಬಿಡಬೇಕಾಯಿತು.

ಇದಕ್ಕೆ ಇನ್ನೊಂದು ಮುಖವೂ ಉಂಟು. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸ್ಥಾಪಿಸಿದ ಕಿರಣ್ ಮಜುಂದಾರ್ ಶಾ ಅವರು 2025ರ ಅಕ್ಟೋಬರಿನಲ್ಲಿ, ನಗರದ ಕೆಟ್ಟ ರಸ್ತೆ ಮತ್ತು ಕಸವನ್ನು ಕುರಿತು ವಿದೇಶೀ ಅತಿಥಿಯೊಬ್ಬರು ಕೇಳಿದ ಪ್ರಶ್ನೆಯನ್ನು ಬರೆದು ಪ್ರಕಟಿಸಿದರು. ರಾಜ್ಯದ ಮಂತ್ರಿಗಳೇ ಉತ್ತರ ಹೇಳಲು ಮುಂದಾದರು. ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಎರೆಹೊಲದ ದಾರಿಯ ಕೆಸರಿನಲ್ಲಿ ಚಕ್ಕಡಿ ಹೂತುಹೋದ ಕುಂದಗೋಳದ ರೈತ ಅಷ್ಟೇ ಸಾಲು ಬರೆದರೆ ಅಷ್ಟೇ ಬೇಗ ಉತ್ತರ ಬಂದೀತೆ? ಮಾತಾಡುವ ಸಾಧನ ಎಲ್ಲರ ಕೈಗೂ ಬಂದಿದೆ. ಕೇಳಿಸಿಕೊಳ್ಳುವ ಕಿವಿ ಮಾತ್ರ ಇನ್ನೂ ಎಲ್ಲರಿಗೂ ದೊರೆತಿಲ್ಲ.

ಆದುದರಿಂದ ಧಣಿಗಳ ಬರಹವನ್ನು ಓದೋಣ; ಅದರಿಂದ ಲಾಭ ಯಾರಿಗೆಂಬುದನ್ನೂ ವಿಚಾರಿಸೋಣ. ಕಬ್ಬಿಣದ ನೇಗಿಲನ್ನು ನಮ್ಮ ಹಿರಿಯರು ಕೇವಲ ಮಾತು ನಂಬಿ ಕೊಳ್ಳಲಿಲ್ಲ. ಹೊಲದಲ್ಲಿ ಹೂಡಿ, ಉತ್ತು ನೋಡಿದ ಮೇಲೆಯೇ ಒಪ್ಪಿದರು.