ಓದುವವನೊಬ್ಬ, ಕೇಳುವವರು ಹತ್ತು ಮಂದಿ

ಊರಿನ ಗ್ರಂಥಾಲಯ ಎಂದೊಡನೆ ಕಣ್ಣಿಗೆ ಬರುವುದು ಎರಡು ಸಾಲು ಬೀರು, ಒಂದು ಉದ್ದನೆಯ ಮೇಜು, ಹಾಳೆ ಹಾಳೆಯಾಗಿ ನಾಲ್ಕಾರು ಕೈಗಳಿಗೆ ಹಂಚಿಹೋದ ದಿನಪತ್ರಿಕೆ ಮತ್ತು ‘ನಿಶ್ಶಬ್ದವಾಗಿರಿ’ ಎಂಬ ಫಲಕ. ಓದು ಎಂಬುದು ಒಬ್ಬೊಬ್ಬರೇ ಮೌನವಾಗಿ ಮಾಡುವ ಕೆಲಸ ಎಂಬ ತಿಳಿವಳಿಕೆ ಆ ಫಲಕದ ಹಿಂದೆ ಇದೆ. ಆದರೆ ಕನ್ನಡ ನಾಡಿನಲ್ಲಿ ಈ ತಿಳಿವಳಿಕೆ ಬಹಳ ಹಳೆಯದಲ್ಲ. ಸಾರ್ವಜನಿಕ ಗ್ರಂಥಾಲಯಗಳು ಹುಟ್ಟುವ ಎಷ್ಟೋ ಶತಮಾನ ಮೊದಲೇ ಇಲ್ಲಿ ಪುಸ್ತಕವೆಂದರೆ ಹತ್ತು ಜನ ಕೂಡಿ ಕೇಳುವ ವಸ್ತುವಾಗಿತ್ತು.

ಶ್ರಾವಣ ಮಾಸದಲ್ಲಿ ಗುಡಿಯ ಜಗಲಿಯಲ್ಲೋ ಊರ ಚಾವಡಿಯಲ್ಲೋ ಭಾರತ ಓದಿಸುವ ರೂಢಿಯನ್ನು ಇದಕ್ಕೆ ಉದಾಹರಣೆಯಾಗಿ ಹೇಳಬಹುದು. ಒಬ್ಬರು ರಾಗವಾಗಿ ಪದ್ಯ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರು ಕೇಳುವುದು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ ಇವು ಅಕ್ಷರ ಬಾರದವರ ಬಾಯಲ್ಲೂ ನೆಲೆ ನಿಂತದ್ದು ಹೀಗೆ. ಮಳೆ ಹೋದ ವರ್ಷ ವಿರಾಟಪರ್ವ ಓದಿಸುವ ನಂಬಿಕೆಯೂ ಉಂಟು. ಒಂದು ಊರಿಗೆ ಒಂದು ಪ್ರತಿ ಇದ್ದರೂ ಸಾಕಾಗುತ್ತಿತ್ತು. ಓದು ಬಲ್ಲವನೊಬ್ಬನಿದ್ದರೆ ಇಡೀ ಊರಿಗೇ ಪುಸ್ತಕ ದಕ್ಕುತ್ತಿತ್ತು.

ಅಚ್ಚಿನ ಪುಸ್ತಕ ಬಂದ ಮೇಲೆ ಓದಿನ ರೀತಿ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯೇ ಓದಿನ ಭಾಷೆಯಾಗಿದ್ದ ಪ್ರದೇಶದಲ್ಲಿ ಕನ್ನಡ ಓದುವವರನ್ನು ಹೀಗೆ ಮನೆ ಬಾಗಿಲಿಗೆ ಹೋಗಿ ಹುಡುಕಬೇಕಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು ಇದೇ ಕಾಲದ ಮಾತು.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ‘ವಾಚನಾಲಯ’ಗಳು ತಲೆಯೆತ್ತಿದವು. ವರ್ಗಣಿ ಎತ್ತಿ, ಒಂದು ಕೋಣೆ ಹಿಡಿದು, ನಾಲ್ಕು ಪತ್ರಿಕೆ ತರಿಸಿದರೆ ವಾಚನಾಲಯ ಆಯಿತು. ಪತ್ರಿಕೆ ಬಂದ ದಿನ ಅಕ್ಷರ ಬಲ್ಲವನೊಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕೂತು ಕೇಳುವುದು, ಕೇಳಿದ್ದರ ಮೇಲೆ ಚರ್ಚೆ ನಡೆಸುವುದು. ಇದು ಭಾರತ ಓದಿಸುವ ಕ್ರಮದ್ದೇ ಇನ್ನೊಂದು ರೂಪ. ಪುರಾಣದ ಜಾಗಕ್ಕೆ ದೇಶದ ಸುದ್ದಿ ಬಂದಿತ್ತು, ಅಷ್ಟೆ. ಸ್ವಾತಂತ್ರ್ಯ ಚಳವಳಿಗೂ ಗ್ರಂಥಾಲಯ ಚಳವಳಿಗೂ ಇದ್ದ ಈ ನಂಟು ಬೆಳಗಾವಿಯಲ್ಲಿ ಎದ್ದು ಕಂಡಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಆ ಊರಿನಲ್ಲೇ, ಅದೇ ವರ್ಷ, ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆಯಿತು. ಅದರ ಅಧ್ಯಕ್ಷರು ದೇಶಬಂಧು ಚಿತ್ತರಂಜನ ದಾಸರು.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಮೇಲಿನಿಂದ ಆರಂಭವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪನೆಯಾದವು. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಕೆಂಪು ಕಟ್ಟಡ ಆಗಿನದು. ಮುಂದೆ ಅದೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಕಟ್ಟಡ ಕಟ್ಟಿದ ಮಾತ್ರಕ್ಕೆ ಜನ ಒಳಗೆ ಬರುವುದಿಲ್ಲ ಎಂಬುದೂ ಬಲ್ಲವರಿಗೆ ತಿಳಿದಿತ್ತು. ಮೈಸೂರು ವಿಶ್ವವಿದ್ಯಾಲಯ ಪ್ರಾಧ್ಯಾಪಕರನ್ನು ಊರುಗಳಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು. ಆ ಉಪನ್ಯಾಸಗಳನ್ನೇ ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. 1940ರ ದಶಕದಲ್ಲಿ ಆರಂಭವಾದ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗೆಂದು ‘ಬೆಳಕು’ ಪತ್ರಿಕೆ ಹೊರಡಿಸಿತು, ಹಳ್ಳಿಗಳಲ್ಲಿ ಪುಸ್ತಕ ಭಂಡಾರ ತೆರೆಯಿತು. 1951ರಲ್ಲಿ ದೇಶದ ಸಾಕ್ಷರತೆ ಶೇಕಡಾ 18ರಷ್ಟಿತ್ತು ಎಂಬುದನ್ನು ನೆನೆದರೆ, ಕಿವಿಯ ಮೂಲಕ ಓದುವ ಈ ಏರ್ಪಾಡುಗಳ ಅಗತ್ಯ ತಿಳಿಯುತ್ತದೆ.

1956ರಲ್ಲಿ ರಾಜ್ಯ ಒಂದಾದಾಗ ಗ್ರಂಥಾಲಯಗಳ ಸ್ಥಿತಿ ಕಂತೆಬೊಂತೆಯಾಗಿತ್ತು. ದಕ್ಷಿಣ ಕನ್ನಡಕ್ಕೆ ಮದರಾಸಿನ 1948ರ ಕಾಯ್ದೆ, ಹೈದರಾಬಾದ್ ಕರ್ನಾಟಕಕ್ಕೆ 1955ರ ಕಾಯ್ದೆ, ಮುಂಬಯಿ ಕರ್ನಾಟಕಕ್ಕೆ ಸರ್ಕಾರದ ಅನುದಾನದ ಪದ್ಧತಿ, ಹಳೆ ಮೈಸೂರಿಗೆ ಕಾಯ್ದೆಯೇ ಇಲ್ಲ. ಇವನ್ನೆಲ್ಲ ಒಂದೇ ಚೌಕಟ್ಟಿಗೆ ತಂದದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. 1966ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಆ ವೇಳೆಗೆ ಬೆಂಗಳೂರಿನಲ್ಲೇ ನೆಲೆಸಿದ್ದರು. 1962ರಲ್ಲಿ ಇಲ್ಲಿಯೇ ಅವರು ದಾಖಲಾತಿ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. ಗ್ರಂಥಾಲಯ ದಾನಿಗಳ ದಯೆಯ ಮೇಲೆ ಬದುಕಬಾರದು, ಕಾನೂನಿನ ಆಸರೆಯಲ್ಲಿ ನಿಲ್ಲಬೇಕು ಎಂಬುದು ಅವರ ಬಹುಕಾಲದ ವಾದವಾಗಿತ್ತು.

ಈ ಕಾಯ್ದೆಯ ಜೀವಾಳ ಇರುವುದು ಗ್ರಂಥಾಲಯ ಕರದಲ್ಲಿ. ಮನೆ, ಕಟ್ಟಡಗಳ ತೆರಿಗೆಯ ಜೊತೆಗೆ ರೂಪಾಯಿಗೆ ಮೊದಲು ಮೂರು ಪೈಸೆ, ಆಮೇಲೆ ಆರು ಪೈಸೆಯಂತೆ ಈ ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ಸಾವಿರ ರೂಪಾಯಿ ಆಸ್ತಿ ತೆರಿಗೆ ಕಟ್ಟುವವರು ಅರವತ್ತು ರೂಪಾಯಿಯನ್ನು ಪುಸ್ತಕಕ್ಕೆಂದು ಕೊಡುತ್ತಾರೆ ಎಂದಾಯಿತು. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಅದರ ಒಡೆಯರೇ. ಇದು ಪುಣ್ಯಕ್ಕೆ ನಡೆಯುವ ಅರವಟ್ಟಿಗೆಯಲ್ಲ, ಊರವರು ದುಡ್ಡು ಕೊಟ್ಟು ಹಾಕಿಸಿಕೊಂಡ ನಲ್ಲಿ.

ಜನ ಅಲ್ಲಿಗೆ ಹೋಗಿ ಏನು ಓದಿದರು? ಹೆಚ್ಚಾಗಿ ಓದಿದ್ದು ಕಾದಂಬರಿ. ಅ.ನ. ಕೃಷ್ಣರಾಯ, ತ.ರಾ. ಸುಬ್ಬರಾಯ, ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳು ಕೈಯಿಂದ ಕೈಗೆ ದಾಟಿ, ರಟ್ಟು ಕಳಚಿ, ಮತ್ತೆ ಹೊಲಿಸಿಕೊಂಡು ತಿರುಗಿದವು. ‘ಬೆಳ್ಳಿಮೋಡ’, ‘ಶರಪಂಜರ’, ‘ನಾಗರಹಾವು’ ಸಿನಿಮಾಗಳಾದ ಮೇಲೆ ಅವುಗಳ ಬೇಡಿಕೆ ಇನ್ನೂ ಏರಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಹುಡುಗರಿಗೆ ಓದಿನ ರುಚಿ ಹತ್ತಿಸಿದವು. ಬೀದಿ ಬೀದಿಗಳಲ್ಲಿದ್ದ ಖಾಸಗಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಬಾಡಿಗೆಗೆ ಕೊಡುತ್ತಿದ್ದುದೂ ಇವನ್ನೇ. ಮನೆಯಿಂದ ಹೆಚ್ಚು ಹೊರಬೀಳದ ಹೆಂಗಸರಿಗಾಗಿ ತಮ್ಮನೋ ಮಗನೋ ಚೀಟಿ ಹಿಡಿದು ಹೋಗಿ ಪುಸ್ತಕ ತರುತ್ತಿದ್ದ.

ಇಂಥ ಓದನ್ನು ಹಗುರವಾಗಿ ಕಂಡವರೂ ಇದ್ದಾರೆ. ಸಾರ್ವಜನಿಕ ಹಣದಿಂದ ಕೊಳ್ಳುವಾಗ ಮೌಲಿಕ ಕೃತಿಗಳಿಗೆ ಆದ್ಯತೆ ಬೇಕು ಎಂಬ ಮಾತಿನಲ್ಲಿ ನ್ಯಾಯವಿದೆ. ಸರ್ಕಾರದ ಸಗಟು ಖರೀದಿ ಇಲ್ಲದಿದ್ದರೆ ಎಷ್ಟೋ ಕವನ ಸಂಕಲನ, ಸಂಶೋಧನ ಗ್ರಂಥಗಳು ಅಚ್ಚಿನ ಮುಖ ಕಾಣುತ್ತಿರಲಿಲ್ಲ. ಆದರೆ ಓದುಗರ ಕೈ ಮುಟ್ಟದೆ ಬೀರುವಿನಲ್ಲೇ ಹಳೆಯದಾಗುವ ಪುಸ್ತಕದಿಂದ ಯಾರಿಗೂ ಲಾಭವಿಲ್ಲ. ಪುಸ್ತಕ ಇರುವುದು ಬಳಕೆಗೆ ಎಂಬುದನ್ನೇ ರಂಗನಾಥನ್ ತಮ್ಮ ಸೂತ್ರಗಳಲ್ಲಿ ಮೊದಲಿಗೆ ಇಟ್ಟರು. ಪತ್ತೇದಾರಿ ಕಥೆಯಿಂದ ಹೊರಟ ಹುಡುಗ ಕಾರಂತರವರೆಗೆ ನಡೆದುಬರಲು ದಾರಿ ಇರಬೇಕು. ಆ ದಾರಿಯಲ್ಲಿ ಜೊತೆಗೆ ಒಬ್ಬರು ಬೇಕು.

ಆ ಜೊತೆಯೇ ನಡುವೆ ಕಳೆದುಹೋದದ್ದು. ಕಾಯ್ದೆ ಬಂದು ಶಾಖೆಗಳು ಹೆಚ್ಚಿದವು. ಠೇವಣಿ, ಸದಸ್ಯತ್ವದ ಚೀಟಿ, ವಾಪಸಾತಿಯ ತಾರೀಖು ಇವೆಲ್ಲ ಕ್ರಮಕ್ಕೆ ಬಂದವು. ಆದರೆ ಕೂಡಿ ಕೇಳುವ, ಕೂಡಿ ಮಾತಾಡುವ ಅಭ್ಯಾಸ ವರ್ಷಕ್ಕೊಮ್ಮೆ, ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹಕ್ಕೆ ಸೀಮಿತವಾಗುತ್ತ ಬಂತು. ಪುಸ್ತಕ ಪ್ರದರ್ಶನ, ಕವಿಗೋಷ್ಠಿ, ಮಕ್ಕಳ ಚಿತ್ರಸ್ಪರ್ಧೆ ಮುಗಿದ ಮೇಲೆ ಮತ್ತೆ ಮೌನದ ಫಲಕವೇ.

ಈಚಿನ ವರ್ಷಗಳಲ್ಲಿ ಒಂದು ಬದಲಾವಣೆ ಕಂಡಿದೆ. 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳ ಬಾಗಿಲು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಗಟ್ಟಿ ಓದು, ಕಥೆ ಹೇಳುವುದು, ಆಟ, ಚಿತ್ರ ಇವು ಪಂಚಾಯಿತಿಯ ಗ್ರಂಥಾಲಯಕ್ಕೆ ಕಾಲಿಟ್ಟವು. ಮುಂದೆ ಇವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರಾಯಿತು. ಹೆಸರು ಹೊಸದು, ಕೂಡಿ ಓದುವ ಕ್ರಮ ಮಾತ್ರ ಚಾವಡಿಯಷ್ಟೇ ಹಳೆಯದು.

ಇದು ಉಳಿಯುವುದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಕರದ ಹಣ. ನಗರಗಳಲ್ಲಿ ವಸೂಲಾದ ಗ್ರಂಥಾಲಯ ಕರ ಗ್ರಂಥಾಲಯಗಳಿಗೆ ಪೂರ್ತಿಯಾಗಿ ತಲುಪದೆ ಬಾಕಿ ಬೀಳುವುದು ಬಹುಕಾಲದ ದೂರು. ಇನ್ನೊಂದು, ಅಲ್ಪ ಸಂಭಾವನೆಗೆ ದುಡಿಯುತ್ತ ಬಂದಿರುವ ಗ್ರಂಥಾಲಯ ಮೇಲ್ವಿಚಾರಕರು. ಓದಿ ಅರ್ಥ ಹೇಳುವವನಿಲ್ಲದ ಚಾವಡಿಯಲ್ಲಿ ಭಾರತದ ಕಟ್ಟು ಇದ್ದೂ ಇಲ್ಲದಂತೆ. ಪುಸ್ತಕ ತೆಗೆದು ಕೈಗಿಡುವವರು ನೆಮ್ಮದಿಯಾಗಿದ್ದರೆ ಮಾತ್ರ ಮಕ್ಕಳು ನಾಳೆಯೂ ಬರುತ್ತಾರೆ. ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರವೆಂಬ ಒಂದು ಸಾಲು ಇರುತ್ತದೆ. ಅದನ್ನು ಗಮನಿಸಿ, ನಮ್ಮ ಊರಿನ ಗ್ರಂಥಾಲಯಕ್ಕೆ ಈ ಹಣ ಬಂತೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ.