ನವೋದಯ ವಿದ್ಯಾಲಯಗಳ ವಿದ್ಯಾರ್ಥಿ ವಿನಿಮಯ

ವಸತಿ ಶಾಲೆಗಳಾದ ಜವಾಹರ್ ನವೋದಯ ವಿದ್ಯಾಲಯಗಳ ಒಂಬತ್ತನೇ ತರಗತಿಯ ಮಕ್ಕಳಲ್ಲಿ ಶೇ. 30ರಷ್ಟು ಮಂದಿಯನ್ನು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸಿ, ಅಲ್ಲಿಂದ ಅಷ್ಟೇ ಮಕ್ಕಳನ್ನು ಕರೆಸಿಕೊಳ್ಳುವ ವ್ಯವಸ್ಥೆ. ಮಕ್ಕಳ ಬಾಯಲ್ಲಿ ಇದರ ಹೆಸರು ‘ಮೈಗ್ರೇಷನ್’. ಶಿವಮೊಗ್ಗ ಜಿಲ್ಲೆಯ ನವೋದಯ ಇರುವುದು ತುಂಗಾ ಅಣೆಕಟ್ಟಿನ ಗಾಜನೂರಿನಲ್ಲಿ (ನಟ ರಾಜಕುಮಾರ್ ಅವರ ಊರಾದ ಗಾಜನೂರು ಬೇರೆ). ಆನಂದಪುರ, ರಿಪ್ಪನ್‌ಪೇಟೆ, ಕೋಣಂದೂರು ಕಡೆಯ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಸೇರುವುದು ಈ ಶಾಲೆಗೆ.

ಇಂಥ ವಿನಿಮಯ ದೇಶಗಳ ನಡುವೆಯೂ ಇದೆ. ಹೈಸ್ಕೂಲು ವಯಸ್ಸಿನವರನ್ನು ಒಂದು ವರ್ಷ ಪರದೇಶದಲ್ಲಿ ಇರಿಸಿ ಓದಿಸುವ ಪದ್ಧತಿ ಬೆಳೆದದ್ದು ಯುದ್ಧಗಳ ನೆರಳಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಲು ಹುಟ್ಟಿದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಆಂಬುಲೆನ್ಸ್ ಪಡೆ, ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಶಾಲಾ ಮಕ್ಕಳ ವಿನಿಮಯಕ್ಕೆ ಇಳಿಯಿತು. ರೋಟರಿ ಕ್ಲಬ್‌ಗಳೂ ಇಂಥ ಕಾರ್ಯಕ್ರಮ ನಡೆಸುತ್ತವೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕ ಸರ್ಕಾರ 2002ರಲ್ಲಿ ಕೆನೆಡಿ–ಲೂಗರ್ ಹೆಸರಿನ ವಿದ್ಯಾರ್ಥಿವೇತನ ಆರಂಭಿಸಿತು. ಭಾರತದ ಮಕ್ಕಳೂ ಅದರಡಿ ಹೋಗಿಬಂದಿದ್ದಾರೆ. ಇವುಗಳಲ್ಲಿ ವಿದ್ಯಾರ್ಥಿ ಇರುವುದು ಅಲ್ಲಿನ ಒಂದು ಕುಟುಂಬದ ಜೊತೆ. ಆದರೆ ಅಡಿಕೆ ತೋಟದ ಕೂಲಿಯ ಮಗಳಿಗೆ ಆ ದಾರಿ ತೀರಾ ದೂರ.

ಓದಿಗಾಗಿ ಊರು ಬಿಡುವುದು ಮಲೆನಾಡಿಗೆ ಹೊಸದಲ್ಲ. ಕುಪ್ಪಳಿಯ ಕುವೆಂಪು ತೀರ್ಥಹಳ್ಳಿಯ ಶಾಲೆ ಮುಗಿಸಿ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು ಸೇರಿದರು. ಹಳೇ ಮೈಸೂರಿನಲ್ಲಿ ಬಡ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದರು; ಆ ವಾರಾನ್ನದ ದಿನಗಳ ನೋವನ್ನು ಎಸ್.ಎಲ್. ಭೈರಪ್ಪ ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದಿದ್ದಾರೆ. ಮುಂದೆ ಮಠಗಳ, ಜಾತಿ ಸಂಘಗಳ, ಸರ್ಕಾರದ ಹಾಸ್ಟೆಲುಗಳು ಬಂದವು.

ಪಿ.ವಿ. ನರಸಿಂಹ ರಾವ್ ಶಿಕ್ಷಣ ಖಾತೆಯಲ್ಲಿದ್ದಾಗ ರೂಪುಗೊಂಡ 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ವಸತಿ ಶಾಲೆಗಳನ್ನು ತೆರೆಯಬೇಕು, ಬೇರೆ ಬೇರೆ ಪ್ರದೇಶದ ಮಕ್ಕಳು ಅಲ್ಲಿ ಒಟ್ಟಿಗೆ ಬದುಕಿ ಕಲಿಯಬೇಕು ಎಂದಿತು. ಮೊದಲ ಎರಡು ನವೋದಯಗಳು ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ತೆರೆದವು. ಇಂದು ಅವುಗಳ ಸಂಖ್ಯೆ 650ನ್ನು ದಾಟಿದೆ. ತ್ರಿಭಾಷಾ ಸೂತ್ರವನ್ನು ಒಪ್ಪದ ತಮಿಳುನಾಡಿನಲ್ಲಿ ಮಾತ್ರ ಒಂದೂ ಇಲ್ಲ. ಸೀಟುಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು.

ವಿನಿಮಯ ನಡೆಯುವುದು ಹಿಂದಿ ಭಾಷಿಕ ಮತ್ತು ಹಿಂದಿಯೇತರ ರಾಜ್ಯಗಳ ಜೋಡಿ ಶಾಲೆಗಳ ನಡುವೆ. 80 ಮಕ್ಕಳ ತರಗತಿಯಿಂದ 24 ಮಂದಿ ಹೋಗಬೇಕು. ಹೆಸರಿನ ಪಟ್ಟಿ ಹೊರಬೀಳುವ ದಿನ ಹಾಸ್ಟೆಲಿನಲ್ಲಿ ಅಳು, ಸಂಭ್ರಮ ಎರಡೂ ಇರುತ್ತವೆ. ಕಬ್ಬಿಣದ ಟ್ರಂಕು ಹೊತ್ತು, ಶಿಕ್ಷಕರೊಬ್ಬರ ಜೊತೆ ರೈಲಿನಲ್ಲಿ ದೀರ್ಘ ಪ್ರಯಾಣ. ತಲುಪಿದ ಮೇಲೆ ಕೈ ಹಿಡಿಯುವುದು ಒಂದು ಜಾಣ ಏರ್ಪಾಡು: ದೇಶದ ಎಲ್ಲ ನವೋದಯಗಳಲ್ಲೂ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಅವೇ ನಾಲ್ಕು ಹೌಸುಗಳು, ಅದೇ ಬೆಳಗಿನ ಪಿ.ಟಿ., ಅದೇ ಪ್ರಾರ್ಥನೆ. ಭಾಷೆ ಬಾರದಿದ್ದರೂ ದಿನಚರಿ ಗೊತ್ತಿರುತ್ತದೆ.

ಉತ್ತರಕ್ಕೆ ಹೋದವರಿಗೆ ಉಳಿದದ್ದೆಲ್ಲ ಹೊಸದು. ಅನ್ನ, ಸಾರು, ತಂಬುಳಿಯಲ್ಲಿ ಬೆಳೆದವರ ತಟ್ಟೆಗೆ ದಿನವೂ ರೊಟ್ಟಿ, ದಾಲ್ ಬೀಳುತ್ತದೆ. ಬೆಳಗಿನ ಕೊರೆವ ಚಳಿಯಲ್ಲಿ ತಣ್ಣೀರು ಮುಟ್ಟಲು ಕೈ ಬಾರದು. ಗಾಜನೂರಿಗೆ ಬಂದವರ ಪಾಡು ಇದಕ್ಕೆ ತಿರುಗುಮುರುಗು: ಉತ್ತರದ ಬಯಲಿನ ಬಿಸಿಲು ಕಂಡ ಮಕ್ಕಳಿಗೆ ಆಷಾಢದ ಜಡಿಮಳೆ ಎದುರಾಗುತ್ತದೆ, ಒಗೆದು ಹರವಿದ ಸಮವಸ್ತ್ರ ದಿನಗಟ್ಟಲೆ ಒಣಗುವುದಿಲ್ಲ. ರಾಜ್ಯೋತ್ಸವದ ಹೊತ್ತಿಗೆ ಅವರೂ ಕನ್ನಡ ಹಾಡಿಗೆ ದನಿಗೂಡಿಸುತ್ತಾರೆ.

ಭಾಷೆಯ ಲೆಕ್ಕದಲ್ಲಿ ಮಾತ್ರ ಎರಡು ಕಡೆಯ ಹೊರೆ ಸಮವಾಗಿಲ್ಲ. ಕೆಳಗಿನ ತರಗತಿಗಳಲ್ಲಿ ಪ್ರದೇಶ ಭಾಷೆಯಲ್ಲಿ ಕಲಿತ ಮಕ್ಕಳು ಮುಂದೆ ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲೂ ಸಮಾಜ ವಿಜ್ಞಾನವನ್ನು ಹಿಂದಿಯಲ್ಲೂ ಓದಬೇಕೆಂಬುದು ನವೋದಯದ ಮೂಲ ಯೋಜನೆ. ಹೊಸನಗರದ ಹುಡುಗಿ ಕೆಳದಿ ಅರಸರ ಕಥೆಯನ್ನು ಕನ್ನಡದಲ್ಲಿ ಕೇಳಿ ಬೆಳೆದವಳು, ಫ್ರಾನ್ಸಿನ ಕ್ರಾಂತಿಯನ್ನು ಹಿಂದಿಯಲ್ಲಿ ಬರೆಯಬೇಕಾಗುತ್ತದೆ. ಉತ್ತರದ ಹುಡುಗನಿಗೆ ಕನ್ನಡ ಬರಿಯ ಮೂರನೇ ಭಾಷೆ. ಪಾಠವನ್ನು ಅದರಲ್ಲಿ ಬರೆಯಬೇಕಾಗಿಲ್ಲ. ಕನ್ನಡದ ಮಕ್ಕಳು ಹಿಂದಿಯಲ್ಲಿ ಪಳಗಿ ಮರಳುವಷ್ಟು ಅವರು ಕನ್ನಡದಲ್ಲಿ ಪಳಗುವುದಿಲ್ಲ. ವಿನಿಮಯವೆಂಬ ಹೆಸರು ಸಾರ್ಥಕವಾಗಬೇಕಾದರೆ ಈ ಕೊರತೆ ತುಂಬಲೇಬೇಕು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಈ ವ್ಯವಸ್ಥೆ ಕಠಿಣ ಪರೀಕ್ಷೆಗೆ ಒಳಗಾಯಿತು. 173 ನವೋದಯಗಳಲ್ಲಿ 3,000ಕ್ಕೂ ಹೆಚ್ಚು ವಿನಿಮಯ ವಿದ್ಯಾರ್ಥಿಗಳು ಮನೆಗೆ ಹೋಗಲಾಗದೆ ಉಳಿದರು. ಹದಿನಾಲ್ಕು, ಹದಿನೈದರ ಮಕ್ಕಳು ಖಾಲಿಯಾದ ಹಾಸ್ಟೆಲುಗಳಲ್ಲಿ ವಾರಗಟ್ಟಲೆ ಕಾದರು. ಅಲ್ಲಿನ ಸಿಬ್ಬಂದಿ ಜೊತೆಯಲ್ಲಿದ್ದು ನೋಡಿಕೊಂಡರು. ಗೃಹ ಇಲಾಖೆಯ ಅನುಮತಿ ಪಡೆದು, ಹೆಚ್ಚಾಗಿ ಬಸ್ಸುಗಳಲ್ಲಿ, ಮೇ ತಿಂಗಳ ಮಧ್ಯದ ಹೊತ್ತಿಗೆ ಎಲ್ಲರನ್ನೂ ಊರು ಮುಟ್ಟಿಸಲಾಯಿತು. ನವೋದಯಗಳ ಇತಿಹಾಸದಲ್ಲಿ ಇದು ಹೆಮ್ಮೆಯಿಂದ ನೆನೆಯಬೇಕಾದ ಕೆಲಸ.

ವಿನಿಮಯದ ಈ ಅವಕಾಶಕ್ಕೆ ಮೊದಲ ಮೆಟ್ಟಿಲು ಆರನೇ ತರಗತಿಯ ಪ್ರವೇಶ ಪರೀಕ್ಷೆ: ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಐದನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳು ತಮ್ಮ ಜಿಲ್ಲೆಯ ಶಾಲೆಗೆ ಅರ್ಜಿ ಹಾಕಬಹುದು. ಅರ್ಜಿಗೆ ಶುಲ್ಕವಿಲ್ಲ, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.