ಲಾಗ್ ನಿಂತ ಮೇಲೆ ಶುರುವಾದ ಕಥೆಗಳು: ಮೇರಿ ಸೆಲೆಸ್ಟ್ ಹಡಗಿನ ಪೂರ್ತಿ ಬದುಕು

ಇವತ್ತಿನ ಮಾತು ಒಂದು ಹಡಗಿನ ಬಗ್ಗೆ. ಆದರೆ ಶುರು ಮಾಡೋದು ನನ್ನ ಹಳೇ ಆಫೀಸಿನಿಂದ.

ಒಂದು ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿತ್ತು. ಲಾಗ್ ತೆಗೆದು ನೋಡಿದರೆ ಕೊನೆಯ ಹನ್ನೊಂದು ನಿಮಿಷ ಖಾಲಿ. ಬೆಳಿಗ್ಗೆ ಸ್ಟ್ಯಾಂಡಪ್ ಹೊತ್ತಿಗೆ ಮೂರು ಕಥೆ ಹುಟ್ಟಿದ್ದವು, ಮೂರರಲ್ಲೂ ತಪ್ಪು ಹೊಸದಾಗಿ ಸೇರಿದ ಹುಡುಗನದೇ. ಸಂಜೆಗೆ ಗೊತ್ತಾಯ್ತು, ಡಿಸ್ಕ್ ತುಂಬಿ ಲಾಗ್ ಬರೆಯೋದೇ ನಿಂತಿತ್ತು ಅಂತ. ಆ ಹುಡುಗನ ಹತ್ತಿರ ಯಾರೂ ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೇರಿ ಸೆಲೆಸ್ಟ್ ಬಗ್ಗೆ ಓದುವಾಗೆಲ್ಲ ನನಗೆ ಅವನ ಮುಖ ನೆನಪಾಗುತ್ತೆ.

ಈ ಹಡಗಿನ ಹೆಸರು ಕೇಳಿದ ತಕ್ಷಣ ನಮಗೆ ನೆನಪಾಗೋದು ದೆವ್ವದ ಹಡಗು ಅಂತ. ಆದರೆ ಅದು ಹುಟ್ಟಿದ್ದು ದುಡಿಯೋಕೆ. ಕೆನಡಾದ ನೋವಾ ಸ್ಕೋಷಿಯಾದ ಸ್ಪೆನ್ಸರ್ಸ್ ಐಲ್ಯಾಂಡ್ ಎಂಬ ಹಳ್ಳಿಯಲ್ಲಿ ಜೋಶುವಾ ಡ್ಯೂಯಿಸ್ ಇದನ್ನು ಕಟ್ಟಿದ. 1861ರ ಮೇ ತಿಂಗಳಲ್ಲಿ ನೀರಿಗಿಳಿದಾಗ ಇದರ ಹೆಸರು ಅಮೆಜಾನ್. ಎರಡು ಹಾಯಿಕಂಬದ ಮರದ ಹಡಗು, ಉದ್ದ ಸುಮಾರು 99 ಅಡಿ, ಸುಮಾರು 198 ಟನ್. ಮೊದಲ ಕೆಲಸ ಲಂಡನ್ನಿಗೆ ಮರ ಸಾಗಿಸೋದು. ಮೊದಲ ಕ್ಯಾಪ್ಟನ್ ರಾಬರ್ಟ್ ಮೆಕ್‌ಲೆಲನ್ ಹೊರಡುವ ಮುಂಚೆಯೇ ಕಾಯಿಲೆ ಬಿದ್ದು, ಜೂನ್ ತಿಂಗಳಲ್ಲೇ ತೀರಿಕೊಂಡ.

ಆಮೇಲೆ ಕೆಲವು ವರ್ಷ ಅಟ್ಲಾಂಟಿಕ್ ದಾಟೋದು, ವೆಸ್ಟ್ ಇಂಡೀಸ್‌ಗೆ ಹೋಗೋದು, ಹೀಗೇ ನಡೆಯಿತು. 1867ರ ಅಕ್ಟೋಬರಿನಲ್ಲಿ ಬಿರುಗಾಳಿಗೆ ಸಿಕ್ಕಿ ಕೇಪ್ ಬ್ರೆಟನ್ ದಡಕ್ಕೆ ಬಿದ್ದಾಗ ಮಾಲೀಕರು ಕೈಬಿಟ್ಟರು. ಕೈಯಿಂದ ಕೈಗೆ ಹೋಗಿ ಅಮೆರಿಕದವರ ಪಾಲಾಯ್ತು. 1868ರಲ್ಲಿ ನ್ಯೂಯಾರ್ಕಿನಲ್ಲಿ ಹೊಸ ಹೆಸರಿನಿಂದ ನೋಂದಣಿಯಾಯ್ತು: ಮೇರಿ ಸೆಲೆಸ್ಟ್. 1872ರಲ್ಲಿ ಸುಮಾರು 10,000 ಡಾಲರ್ ಖರ್ಚು ಮಾಡಿ ಉದ್ದ ಹೆಚ್ಚಿಸಿ, ಇನ್ನೊಂದು ಡೆಕ್ ಸೇರಿಸಿ, 282 ಟನ್ನಿಗೆ ಏರಿಸಿದರು. ಹೊಸ ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್ ತಾನೂ ದುಡ್ಡು ಹಾಕಿ ಪಾಲುದಾರನಾದ.

ಹೊರಟವರು, ಉಳಿದವನು

1872ರ ನವೆಂಬರ್ 7. ನ್ಯೂಯಾರ್ಕಿನಿಂದ ಇಟಲಿಯ ಜಿನೋವಾಕ್ಕೆ ಪ್ರಯಾಣ. ಸರಕು 1,701 ಪೀಪಾಯಿ ಆಲ್ಕೋಹಾಲ್, ಕುಡಿಯೋಕೆ ಬರದ ಕೈಗಾರಿಕೆಯ ಮಾಲು. ಹಡಗಿನಲ್ಲಿ ಹತ್ತು ಜನ: ಬ್ರಿಗ್ಸ್, ಹೆಂಡತಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ, ಏಳು ಸಿಬ್ಬಂದಿ. ಏಳು ವರ್ಷದ ಮಗ ಆರ್ಥರ್‌ನನ್ನು ಮಾತ್ರ ಸ್ಕೂಲು ತಪ್ಪಬಾರದು ಅಂತ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಹಡಗು ಹೊರಡೋ ಮುಂಚೆ ಸಾರಾ ಅತ್ತೆಗೆ ಒಂದು ಪತ್ರ ಬರೆದಳು. ಆರ್ಥರ್ ಬರೆಯೋ ಕಾಗದಕ್ಕೆ ಕಾಯ್ತಿರ್ತೀನಿ, ದಾರೀಲಿ ನಡೆದದ್ದನ್ನು ಅವನಿಗೆ ಹೇಳೋಕೆ ನೆನಪಿಟ್ಟುಕೊಳ್ತೀನಿ ಅನ್ನೋ ಅರ್ಥದ ಮಾತು ಅದರಲ್ಲಿದೆ.

ನನ್ನ ಅಪ್ಪ ಅಮ್ಮ ಮುಂಬೈಗೆ ಹೋದಾಗ ನಾನೂ ಎರಡು ವರ್ಷ ಹಾಸನದಲ್ಲಿ ಅಜ್ಜಿ ಮನೇಲಿ ಇದ್ದು ಓದಿದವನು. ಭಾನುವಾರದ ಎಸ್‌ಟಿಡಿ ಕಾಲ್‌ಗೆ ಕಾಯೋದು ಹೇಗಿರುತ್ತೆ ಅಂತ ಗೊತ್ತು. ನಮ್ಮಲ್ಲಿ ಎಷ್ಟೋ ಜನ ಇವತ್ತೂ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿದ್ದೇವೆ. ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಡಗಿನಲ್ಲಿ ಕಂಡದ್ದು

ಡಿಸೆಂಬರ್ 4ರಂದು ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್ಲಿಗೂ ನಡುವೆ, ಡೈ ಗ್ರಾಸಿಯಾ ಎಂಬ ಹಡಗಿನವರು ಇದು ದಿಕ್ಕಿಲ್ಲದೆ ತೇಲೋದನ್ನು ಕಂಡರು. ಅವರ ಮೇಟ್ ಆಲಿವರ್ ಡೆವೋ ಹತ್ತಿ ನೋಡಿದ. ಒಬ್ಬರೂ ಇಲ್ಲ. ಒಳಗೆ ಮೂರೂವರೆ ಅಡಿ ನೀರು, ಆದರೆ ಹಡಗು ಮುಳುಗೋ ಸ್ಥಿತಿಯಲ್ಲಿರಲಿಲ್ಲ. ಒಂದು ಪಂಪ್ ಬಿಚ್ಚಿಟ್ಟಿತ್ತು. ಆರು ತಿಂಗಳಿಗಾಗುವಷ್ಟು ಆಹಾರ ಹಾಗೇ ಇತ್ತು. ದೋಣಿ ಇಲ್ಲ, ಕ್ರೊನೊಮೀಟರ್ ಇಲ್ಲ, ಸೆಕ್ಸ್ಟಂಟ್ ಇಲ್ಲ. ಸ್ಲೇಟಿನ ಮೇಲಿದ್ದ ಕೊನೆಯ ಲಾಗ್ ನವೆಂಬರ್ 25, ಬೆಳಿಗ್ಗೆ 8 ಗಂಟೆಯದು. ಆಗ ಅಜೋರ್ಸ್‌ನ ಸಾಂತಾ ಮರಿಯಾ ದ್ವೀಪ ಹತ್ತಿರದಲ್ಲೇ ಇತ್ತು. ಆಮೇಲೆ ಒಂಬತ್ತು ದಿನ ಖಾಲಿ.

ದೋಣಿ ಮತ್ತು ಉಪಕರಣ ಎರಡೂ ಇಲ್ಲ ಅಂದ್ರೆ, ಇವರು ಮಾಯವಾಗಲಿಲ್ಲ, ತಾವಾಗಿಯೇ ಇಳಿದು ಹೋದರು ಅಂತ ಅರ್ಥ. ಆದರೆ ಜಿಬ್ರಾಲ್ಟರಿನ ಅಟಾರ್ನಿ ಜನರಲ್ ಫ್ರೆಡೆರಿಕ್ ಸಾಲಿ ಫ್ಲಡ್ ಮೊದಲೇ ತೀರ್ಮಾನಿಸಿದ್ದ: ಸಿಬ್ಬಂದಿ ಕುಡಿದು ಕ್ಯಾಪ್ಟನ್ ಕುಟುಂಬವನ್ನು ಕೊಂದಿದ್ದಾರೆ. ಕತ್ತಿಯ ಮೇಲಿನ ಕಲೆ ರಕ್ತ ಅಂದ. ಪರೀಕ್ಷೆಯಲ್ಲಿ ಅಲ್ಲ ಅಂತ ಬಂತು. ಕಾಪಾಡಿ ತಂದವರ ಮೇಲೂ ಅನುಮಾನಪಟ್ಟ. ಕೊನೆಗೆ 1873ರ ಏಪ್ರಿಲ್‌ನಲ್ಲಿ ಅವರಿಗೆ ಸಿಕ್ಕಿದ್ದು 1,700 ಪೌಂಡ್, ಹಡಗು ಮತ್ತು ಸರಕಿನ ಬೆಲೆಯ ಸುಮಾರು ಐದನೇ ಒಂದು ಭಾಗ.

1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಹಡಗಿನ ಹೆಸರನ್ನು ಸ್ವಲ್ಪ ತಿರುಚಿ, ಮಾರೀ ಸೆಲೆಸ್ಟ್ ಅಂತ ಒಂದು ಕಥೆ ಬರೆದ. ಅವನ ಕಥೆಯಲ್ಲಿ ದೋಣಿಗಳು ಹಡಗಿನಲ್ಲೇ ಇರುತ್ತವೆ! ಜನ ಅದನ್ನೇ ನಿಜ ಅಂತ ನಂಬಿದರು. ಮೇಜಿನ ಮೇಲೆ ಬಿಸಿ ಟೀ ಇತ್ತು ಅನ್ನೋ ಮಾತೂ ಡೆವೋನ ಸಾಕ್ಷ್ಯದಲ್ಲಿ ಇಲ್ಲ.

ಹಾಗಾದ್ರೆ ಏನಾಗಿರಬಹುದು? ಜಿನೋವಾದಲ್ಲಿ ಸರಕು ಇಳಿಸಿದಾಗ ಒಂಬತ್ತು ಪೀಪಾಯಿ ಖಾಲಿಯಿದ್ದವು. ಸೋರಿದ ಆವಿಗೆ ಹೆದರಿ, ಹಡಗು ಸಿಡಿಯುತ್ತೆ ಅಂತ ಬ್ರಿಗ್ಸ್ ಎಲ್ಲರನ್ನೂ ದೋಣಿಗಿಳಿಸಿರಬಹುದು. ಹಡಗಿಗೆ ಕಟ್ಟಿದ್ದ ಹಗ್ಗ ಹರಿದಿರಬಹುದು. 2006ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾ ಸೆಲ್ಲಾ ಮಾದರಿ ಮಾಡಿ ಬ್ಯೂಟೇನ್ ಉರಿಸಿ ತೋರಿಸಿದರು: ದೊಡ್ಡ ಜ್ವಾಲೆ ಎದ್ದರೂ ಸುಟ್ಟ ಗುರುತೇ ಉಳಿಯಲಿಲ್ಲ. ಇನ್ನು ಕೆಲವರು ಪಂಪ್ ಕೆಟ್ಟು, ನೀರು ಎಷ್ಟಿದೆ ಅಂತ ತಪ್ಪಾಗಿ ಲೆಕ್ಕ ಹಾಕಿದರು ಅಂತಾರೆ. ಎರಡೂ ಊಹೆಗಳೇ. ಆದರೆ ಎರಡರಲ್ಲೂ ಕೊಲೆಗಾರರಿಲ್ಲ. ಹೆಂಡತಿ ಮಗುವನ್ನು ಉಳಿಸಿಕೊಳ್ಳೋಕೆ ಹೊರಟ ಒಬ್ಬ ಮನುಷ್ಯ ಇದ್ದಾನೆ.

ಕೊನೆ

ಹಡಗು ಮುಂದೆ ಹನ್ನೆರಡು ವರ್ಷ ನಷ್ಟದಲ್ಲೇ ಓಡಿತು, ವೆಸ್ಟ್ ಇಂಡೀಸ್, ಹಿಂದೂ ಮಹಾಸಾಗರ ಅಂತ. 1885ರ ಜನವರಿ 3ರಂದು ಕ್ಯಾಪ್ಟನ್ ಗಿಲ್ಮನ್ ಪಾರ್ಕರ್ ಇದನ್ನು ಹೈಟಿಯ ಹತ್ತಿರ ರೋಶೆಲ್ವಾ ದಿಬ್ಬಕ್ಕೆ ಬೇಕಂತಲೇ ಹತ್ತಿಸಿದ. ವಿಮೆ 30,000 ಡಾಲರ್, ಸರಕು ಹೆಚ್ಚಿನದು ಕಸ. ಕೇಸು ಬಾಸ್ಟನ್ ಕೋರ್ಟಿಗೆ ಹೋಯ್ತು, ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ತಮಾಷೆ ನೋಡಿ: ಈ ಹಡಗಿನಲ್ಲಿ ಮೋಸ ನಡೆದಿದ್ದು ಆಗ. ಆದರೆ ಜಗತ್ತು ನೂರೈವತ್ತು ವರ್ಷದಿಂದ ಅನುಮಾನಪಡುತ್ತಾ ಬಂದಿದ್ದು ಬ್ರಿಗ್ಸ್ ಜೊತೆ ಇದ್ದವರ ಮೇಲೆ.

ಲಾಗ್ ಖಾಲಿಯಿದ್ದ ಕಡೆ ನಾವು ತುಂಬಿಸೋ ಕಥೆಗೆ ಯಾರೋ ಒಬ್ಬರು ಬೆಲೆ ಕಟ್ಟುತ್ತಾರೆ. ಆ ಹುಡುಗನ ನಂಬರ್ ಇನ್ನೂ ನನ್ನ ಫೋನಲ್ಲಿದೆ. ಈ ಮಾತು ರೆಕಾರ್ಡ್ ಮಾಡಿ ಮುಗಿಸಿದ ಮೇಲೆ ಅವನಿಗೆ ಫೋನ್ ಮಾಡ್ತೀನಿ. ಮುಂದಿನ ಸಲ ಸಿಗೋಣ.